ಉಡುತಡಿಯ ನಿರಾಕರಣೆ, ಮನೆಮಕ್ಕಳ ಮೌನ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯ ಮಲ್ಲಿಕಾರ್ಜುನನಿಗೆ ನಡೆದುಕೊಳ್ಳುವ ಭಕ್ತರಿಗೆ ಅಕ್ಕಮಹಾದೇವಿಯ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆಕೆ ಹುಟ್ಟಿದ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವೆ ಎರಡೂ ಇದೇ ಸೀಮೆಯವು. ಆಕೆಯ ಅಂಕಿತದಲ್ಲಿರುವುದೂ ಮಲ್ಲಿಕಾರ್ಜುನನ ಹೆಸರೇ. ಕೌಶಿಕ ಮಹಾರಾಜನು ಆಕೆಯನ್ನು ಬಯಸಿದ್ದು, ಹೆತ್ತವರು ಅರಸನ ಭಯಕ್ಕೆ ಕುಗ್ಗಿದ್ದು, ಆಕೆ ಎಲ್ಲವನ್ನೂ ತೊರೆದು ಕಲ್ಯಾಣದ ದಾರಿ ಹಿಡಿದದ್ದು ಮನೆಮನೆಯ ಮಕ್ಕಳೂ ಬಲ್ಲ ಸಂಗತಿ. ಹರಿಹರನ ರಗಳೆಯಲ್ಲಿ ಆ ವಿವಾಹ ನಡೆಯುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ನಡೆಯುವುದಿಲ್ಲ. ಆದರೆ ಮನವೊಪ್ಪದ ದಾಂಪತ್ಯದಲ್ಲಿ ಅಕ್ಕ ನಿಲ್ಲಲಿಲ್ಲವೆಂಬುದನ್ನು ಇಬ್ಬರೂ ಕವಿಗಳು ಒಪ್ಪುತ್ತಾರೆ. ಆ ನಿರಾಕರಣೆಯನ್ನು ಶರಣ ಸಮಾಜವು ಎಂಟು ಶತಮಾನಗಳಿಂದ ಪೂಜ್ಯಭಾವದಿಂದ ಸ್ಮರಿಸುತ್ತ ಬಂದಿದೆ.

ಇದೇ ಸಮಾಜದ ಮನೆಯೊಂದರಲ್ಲಿ ಇಂದು ಮಗನೋ ಮಗಳೋ ‘ಈ ಮದುವೆ ಬೇಡ, ನನ್ನ ಮನಸ್ಸಿನ ಒಲವು ಬೇರೆ’ ಎಂದರೆ ಏನಾಗುತ್ತದೆ? ಗಂಡಿಗೆ ಗಂಡಿನಲ್ಲಿ, ಹೆಣ್ಣಿಗೆ ಹೆಣ್ಣಿನಲ್ಲಿ ಅನುರಾಗ ಹುಟ್ಟಿತೆಂಬ ಮಾತು ಕಿವಿಗೆ ಬಿದ್ದೊಡನೆ ‘ನಮ್ಮ ಕಡೆ ಅಂಥವರಿಲ್ಲ’ ಎನ್ನುತ್ತಾರೆ. ಅದು ಸುಳ್ಳೆಂದು ತಿಳಿದಾಗ ‘ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ’ ಎನ್ನುತ್ತಾರೆ. ಮೊದಲನೆಯದು ಅಜ್ಞಾನ, ಅದನ್ನು ಕ್ಷಮಿಸಬಹುದು. ಎರಡನೆಯದು ಎರಡು ಜೀವಗಳನ್ನು ಬಲಿಗೊಡುವ ಮಾತು. ಶರಣಧರ್ಮದ ಒರೆಗಲ್ಲಿಗೆ ಹಚ್ಚಿ ನೋಡಬೇಕಾದದ್ದು ಇದನ್ನೇ.

ಇದು ಪಾಶ್ಚಾತ್ಯರಿಂದ ಬಂದ ಪಿಡುಗೆಂಬ ಆಕ್ಷೇಪ ಸಾಮಾನ್ಯವಾದುದು. ಚರಿತ್ರೆಯು ಬೇರೆಯದನ್ನೇ ಹೇಳುತ್ತದೆ. ಹೊರಗಿನಿಂದ ಬಂದದ್ದು ಈ ಒಲವಲ್ಲ, ಇದನ್ನು ಅಪರಾಧವೆಂದ ಕಾನೂನು. ಆಂಗ್ಲರು ೧೮೬೦ರಲ್ಲಿ ರಚಿಸಿದ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮು ಇಂಥವರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತು. ೨೦೦೯ರ ಜುಲೈ ೨ರಂದು ದೆಹಲಿ ಉಚ್ಚ ನ್ಯಾಯಾಲಯವು ಆ ಕಳಂಕವನ್ನು ತೊಡೆಯಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಕೊನೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರ ನಡುವಣ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ಸಾರಿತು. ವಿವಾಹದ ಮಾನ್ಯತೆಯ ಪ್ರಶ್ನೆ ಬೇರೆ. ೨೦೨೩ರ ಅಕ್ಟೋಬರ್ ೧೭ರ ತೀರ್ಪಿನಲ್ಲಿ ನ್ಯಾಯಾಲಯವು ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಆದರೆ ಮನೆಯಲ್ಲಿ ಮಗನನ್ನು ಅಪರಾಧಿಯಂತೆ ಕಾಣುವವರ ಬೆನ್ನಿಗೆ ಈಗ ಕಾನೂನು ಇಲ್ಲ.

ಇದೊಂದು ರೋಗವೆಂಬ ಮಾತೂ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಈ ಒಲವನ್ನು ‘ಬದಲಿಸುತ್ತೇವೆ’ ಎಂದು ಚಿಕಿತ್ಸೆ ನೀಡುವುದು ವೈದ್ಯರಿಗೆ ವೃತ್ತಿದೋಷವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಘೋಷಿಸಿತು. ವೈದ್ಯರೇ ಮಾಡಬಾರದೆಂದದ್ದನ್ನು ತಾಳಿಯ ಮೂಲಕ ಮಾಡಿಸಲು ಹೊರಡುವುದು ಯಾವ ವಿವೇಕ?

ಉಳಿದಿರುವುದು ಧರ್ಮದ ಆಕ್ಷೇಪ. ಇಲ್ಲಿ ಪ್ರಾಮಾಣಿಕತೆ ಬೇಕು. ಶರಣರು ಸಲಿಂಗಪ್ರೇಮವನ್ನು ಸಮರ್ಥಿಸಿದರೆಂದು ಹೇಳಲು ವಚನಗಳಲ್ಲಿ ಆಧಾರವಿಲ್ಲ. ಪುರುಷ ಶರಣರೂ ತಮ್ಮನ್ನು ಸತಿಯೆಂದು ಭಾವಿಸಿ ಲಿಂಗಪತಿಯನ್ನು ಅರಸಿದ್ದು ಭಕ್ತಿಯ ಮಾರ್ಗ. ಅದನ್ನು ಲೌಕಿಕ ಸಂಬಂಧಕ್ಕೆ ಪ್ರಮಾಣವಾಗಿ ಎಳೆದು ತರುವುದು ವಚನಗಳಿಗೆ ಮಾಡುವ ಅಪಚಾರ. ಹಾಗೆಯೇ, ಶರಣರು ಆಡದ ಖಂಡನೆಯನ್ನು ಅವರ ಬಾಯಲ್ಲಿ ಇಡುವುದೂ ಅಪಚಾರವೇ. ಹೆಣ್ಣು, ಗಂಡು ಎಂಬ ಭೇದವು ದೇಹದ ಕುರುಹಿಗೆ ಸೇರಿದ್ದೇ ಹೊರತು ಆತ್ಮಕ್ಕಲ್ಲವೆಂಬ ಅರಿವು ಜೇಡರ ದಾಸಿಮಯ್ಯನ ಕಾಲಕ್ಕೇ ವಚನಗಳಲ್ಲಿ ಮೂಡಿತ್ತೆಂಬುದನ್ನು ಮಾತ್ರ ಇಲ್ಲಿ ನೆನೆಯಬಹುದು.

ಶರಣರು ಬಿಡದೆ ಖಂಡಿಸಿದ ದೋಷ ಹುಸಿ. ನುಡಿಯೊಂದು ನಡೆಯೊಂದಾದ ಬದುಕನ್ನು ಬಸವಣ್ಣನವರು ಎಂದೂ ಕ್ಷಮಿಸಲಿಲ್ಲ. ಸ್ವಭಾವವನ್ನು ಮುಚ್ಚಿಟ್ಟು ಹಸೆಮಣೆಯೇರಿದ ಮಗನು ಅಂದಿನಿಂದ ಪ್ರತಿದಿನವೂ ಹುಸಿಯನ್ನೇ ಬಾಳಬೇಕಾಗುತ್ತದೆ. ಏನೂ ಅರಿಯದೆ ಆ ಮನೆಗೆ ಬಂದ ಹೆಣ್ಣುಮಗಳು, ತನ್ನಲ್ಲೇ ಏನೋ ಕೊರತೆಯಿದೆಯೆಂದು ಕೊರಗುತ್ತ ಆಯುಷ್ಯ ಸವೆಸುತ್ತಾಳೆ. ‘ಮಕ್ಕಳಾಗಲಿಲ್ಲ’ ಎಂಬ ಅಪವಾದವನ್ನೂ ಆಕೆಯೇ ಹೊರುತ್ತಾಳೆ. ಬಲವಂತಕ್ಕೆ ಮಣಿದ ಮಗಳಿಗಂತೂ ಒಪ್ಪದ ಹಾಸಿಗೆಯೇ ನಿತ್ಯದ ಶಿಕ್ಷೆ. ಆ ಹುಸಿಯ ಮಂಟಪವನ್ನು ಕಟ್ಟಿದವರು ಯಾರು? ವರನೊಬ್ಬನೇ ಅಲ್ಲ, ತಿಳಿದೂ ಮುಹೂರ್ತವಿಟ್ಟ ಹಿರಿಯರು. ಧರ್ಮದ ಲೋಪ ಎಲ್ಲಿದೆಯೆಂದು ಹುಡುಕುವವರು ಅಲ್ಲಿ ಹುಡುಕಬೇಕು.

ಸಂಡೂರಿನವರಾದ ಕಥೆಗಾರ ವಸುಧೇಂದ್ರರ ‘ಮೋಹನಸ್ವಾಮಿ’ ೨೦೧೩ರಲ್ಲಿ ಪ್ರಕಟವಾದಾಗ, ಇಂಥ ಜೀವಗಳ ಒಂಟಿತನ ಕನ್ನಡದಲ್ಲಿಯೇ, ಕನ್ನಡದ ಊರುಮನೆಗಳ ನಡುವೆಯೇ ಮಾತಾಯಿತು. ‘ನಮ್ಮ ಕಡೆ ಅಂಥವರಿಲ್ಲ’ ಎಂಬ ಮಾತಿಗೆ ಆ ಕೃತಿಯೇ ಉತ್ತರ. ಅವರು ಇದ್ದರು, ಆಡಿದರೆ ಮನೆ ಮುಚ್ಚೀತೆಂಬ ಭಯದಿಂದ ಮೌನವಾಗಿದ್ದರು.

‘ಹಾಗಾದರೆ ಮದುವೆಯಿಲ್ಲದೆ ಬಾಳುವುದೇ?’ ಎಂದು ತಾಯಿ ಕೇಳಬಹುದು. ಆಕೆಯ ಸಂಕಟ ಹುಸಿಯಲ್ಲ. ವಂಶ ನಿಂತೀತು, ಮಗ ಮುಪ್ಪಿನಲ್ಲಿ ಒಂಟಿಯಾದಾನು, ನೆಂಟರು ಆಡಿಕೊಂಡಾರು ಎಂಬ ಅಂಜಿಕೆ ಅದರಲ್ಲಿದೆ. ಆದರೆ ಪ್ರತಿಯೊಬ್ಬರೂ ಮದುವೆಯಾಗಲೇಬೇಕೆಂಬ ವಿಧಿ ಶರಣ ಪರಂಪರೆಯಲ್ಲಿಲ್ಲ. ಮದುವೆಯಾಗದ ವಿರಕ್ತರ ಪಾದಕ್ಕೆ ಎರಗುವ ಸಮಾಜವಿದು. ಇಂಥ ಮಕ್ಕಳೆಲ್ಲರೂ ವಿರಕ್ತರಾಗಬೇಕೆಂದು ಇದರ ಅರ್ಥವಲ್ಲ. ಮದುವೆಯೊಂದೇ ಮನುಷ್ಯತ್ವದ ಅಳತೆಯಲ್ಲವೆಂದು ಮಾತ್ರ. ದಾಂಪತ್ಯದಲ್ಲಿ ಶರಣರು ಬೇಡಿದ ನಿಷ್ಠೆಯನ್ನು, ಪರರಿಗೆ ಅಳುಪದ ಸಂಯಮವನ್ನು ಈ ಮಕ್ಕಳಿಂದಲೂ ಬೇಡಬಹುದು. ಸುಳ್ಳನ್ನು ಮಾತ್ರ ಬೇಡಬಾರದು.

ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಸುಮ್ಮನೆ ಬರಮಾಡಿಕೊಳ್ಳಲಿಲ್ಲ. ಕಠಿಣವಾದ ಪ್ರಶ್ನೆಗಳನ್ನೇ ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಕೇಳಿದ ಮೇಲೆ ಆಕೆಯ ಉತ್ತರವನ್ನು ಪೂರ್ತಿಯಾಗಿ ಆಲಿಸಿದರು, ಆಲಿಸಿ ಒಪ್ಪಿದರು. ಮನೆಯ ಹಿರಿಯರಿಗೆ ಪ್ರಶ್ನೆ ಕೇಳುವ ಅಧಿಕಾರವಿದೆ. ಬಳ್ಳಿಗಾವೆಯ ಪ್ರಭುಗಳ ಹಾದಿಯಲ್ಲಿ ನಡೆಯುವವರಾದರೆ, ಉತ್ತರವನ್ನು ಕಡೆಯವರೆಗೆ ಆಲಿಸುವ ಹೊಣೆಯೂ ಅವರದೇ.

ಶರಣರ ಮನೆಗಳಲ್ಲಿ ಕೂಸಿಗೆ ಎಳವೆಯಲ್ಲಿಯೇ ಲಿಂಗಧಾರಣೆಯಾಗುತ್ತದೆ. ಹೆಣ್ಣು, ಗಂಡೆಂಬ ಭೇದವಿಲ್ಲದೆ ಲಿಂಗವನ್ನು ಕಟ್ಟುವ ಆ ಗಳಿಗೆಯಲ್ಲಿ, ಈ ಕೂಸು ಬೆಳೆದು ಯಾರನ್ನು ಒಲಿದೀತೆಂದು ಗುರು ಕೇಳುವುದಿಲ್ಲ, ಹೆತ್ತವರೂ ಕೇಳುವುದಿಲ್ಲ. ಅಂದು ಕೇಳದೆ ಕಟ್ಟಿದ ಲಿಂಗವು ಇಪ್ಪತ್ತು ವರ್ಷಗಳ ತರುವಾಯವೂ ಅದೇ ಎದೆಯ ಮೇಲಿದೆ. ಲಿಂಗವು ಬಿಡದ ಎದೆಯನ್ನು ಮನೆ ಬಿಡಬಹುದೆ?