ಬೆಂಗಳೂರಿಗೂ ಬಂದರುಂಟು, ಕಂಪ್ಯೂಟರ್ ಕೆಟ್ಟರೆ ದಂಡ ಯಾರಿಗೆ?

ಬೆಂಗಳೂರಿಗೆ ಸಮುದ್ರವಿಲ್ಲ, ಸರಿ. ಆದರೆ ಬಂದರೂ ಇಲ್ಲ ಎನ್ನುವವರು ಕೆ.ಆರ್. ಪುರಂ ದಾಟಿ ಕಾಡುಗೋಡಿ ಬಸ್ಸಿನಲ್ಲಿ ಹೋದವರಲ್ಲ. ವೈಟ್‌ಫೀಲ್ಡ್ ರೈಲು ನಿಲ್ದಾಣದ ಬಳಿ ಒಂದರ ಮೇಲೊಂದು ಪೇರಿಸಿಟ್ಟ ಕಬ್ಬಿಣದ ಪೆಟ್ಟಿಗೆಗಳಿವೆಯಲ್ಲ, ಅದೇ ಕಂಟೈನರ್ ಡಿಪೋ. ವ್ಯಾಪಾರಸ್ಥರ ಬಾಯಲ್ಲಿ ‘ಡ್ರೈ ಪೋರ್ಟ್’. ದೇಶದ ಮೊಟ್ಟಮೊದಲ ಇಂಥ ಡಿಪೋ 1981ರಲ್ಲಿ ಶುರುವಾದದ್ದು ಈ ಊರಲ್ಲೇ. ಇಲ್ಲಿಂದ ಚೆನ್ನೈ ಬಂದರಿಗೆ ರೈಲಿನಲ್ಲೇ ಸರಕು ಹೋಗಿಬರುತ್ತದೆ.

ಪೆಟ್ಟಿಗೆಗೆ ಬೀಗವಿದೆ, ಗೇಟಿಗೆ ಕಾವಲಿದೆ. ಆದರೆ ಈಗಿನ ಕಳ್ಳ ಗೋಡೆ ಹಾರಿ ಬರುವವನಲ್ಲ. ಕಂಪ್ಯೂಟರ್ ತಂತಿಯೊಳಗೆ ನುಸುಳಿ ಬರುವವನು.

2017ರ ಜೂನ್ 27ರಂದು ಆದದ್ದು ಅದೇ. ಉಕ್ರೇನ್ ದೇಶದಲ್ಲಿ ತೆರಿಗೆ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಮೂಲಕ ಹೊಕ್ಕ ‘ನಾಟ್‌ಪೆಟ್ಯಾ’ ಎಂಬ ವೈರಸ್, ಡೆನ್ಮಾರ್ಕಿನ ಭಾರಿ ಹಡಗು ಕಂಪನಿ ಮಾರ್ಸ್ಕ್ ಅನ್ನು ಮಲಗಿಸಿಬಿಟ್ಟಿತು. ಮುಂಬೈ ಪಕ್ಕದ ನ್ಹಾವಾ ಶೇವಾದಲ್ಲಿ ಅವರ ಟರ್ಮಿನಲ್‌ನವರಿಗೆ ಯಾವ ಪೆಟ್ಟಿಗೆ ಯಾರದೆಂದೇ ತಿಳಿಯದಾಯಿತು. 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜು ಮಾಡಬೇಕಾಯಿತು. ಕಂಪನಿಯ ಮಾನ ಉಳಿಸಿದ್ದು ಏನು ಗೊತ್ತೆ? ಆಫ್ರಿಕಾದ ಘಾನಾದಲ್ಲಿ ಕರೆಂಟು ಹೋಗಿದ್ದು! ಅಲ್ಲಿನ ಯಂತ್ರ ಆಫ್ ಆಗಿದ್ದರಿಂದ ಇಡೀ ಜಾಲದ ಮೂಲ ಪಟ್ಟಿಯ ಒಂದೇ ಒಂದು ಪ್ರತಿ ಉಳಿದುಕೊಂಡಿತ್ತು. (ಇದನ್ನು ಓದಿ ಬೆಸ್ಕಾಂನವರು ಬೀಗುವುದು ಬೇಡ.)

ಒಂದು ಸಲ ಆಗಿ ಮುಗಿಯಲಿಲ್ಲ. 2022ರ ಫೆಬ್ರವರಿಯಲ್ಲಿ ಅದೇ ನ್ಹಾವಾ ಶೇವಾದ ಇನ್ನೊಂದು ಟರ್ಮಿನಲ್‌ಗೆ ಪೆಟ್ಟು ಬಿತ್ತು, ಹಡಗುಗಳನ್ನು ಪಕ್ಕದವರ ಕಡೆಗೆ ತಿರುಗಿಸಿದರು. 2023ರ ಜುಲೈಯಲ್ಲಿ ಜಪಾನಿನ ನಗೋಯಾ ಬಂದರೇ ಎರಡು ದಿನಕ್ಕೂ ಹೆಚ್ಚು ನಿಂತಿತು. ಜಪಾನಿನವರ ಗತಿಯೇ ಹೀಗಾದರೆ?

‘ದೊಡ್ಡವರ ವ್ಯವಹಾರ, ಚಿಲ್ಲರೆ ಅಂಗಡಿಯವನಿಗೆ ಏನಂತೆ’ ಎನ್ನುವ ಹಾಗಿಲ್ಲ. ರಂಜಾನ್‌ಗೆ ಮುಂಚೆ ರಸೆಲ್ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಹೊರದೇಶದ ಖರ್ಜೂರ, ಶಿವಾಜಿನಗರದ ಗಾಡಿ ಬಿಡಿಭಾಗ, ಹಲಸೂರಿನ ಅಂಗಡಿಯ ಆಟದ ಸಾಮಾನು, ಇವುಗಳಲ್ಲಿ ಎಷ್ಟೋ ಬರುವುದು ಕಂಟೈನರ್‌ನಲ್ಲೇ. ಹಬ್ಬ ಮುಗಿದ ಮೇಲೆ ಬಂದ ಖರ್ಜೂರವನ್ನು ಯಾರು ಕೇಳುತ್ತಾರೆ ಸ್ವಾಮಿ?

ಅದಕ್ಕಿಂತ ಕಹಿಯಾದ ಮಾತೊಂದಿದೆ, ಡೆಮರೇಜ್. ಪೆಟ್ಟಿಗೆಯನ್ನು ಗಡುವಿನೊಳಗೆ ಎತ್ತದಿದ್ದರೆ ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತಲೇ ಹೋಗುತ್ತದೆ. ಕಂಪ್ಯೂಟರ್ ಮಲಗಿತು, ಗೇಟ್ ಪಾಸ್ ಸಿಗಲಿಲ್ಲ, ಸರಕು ಒಳಗೇ ಉಳಿಯಿತು. ಇದರಲ್ಲಿ ವ್ಯಾಪಾರಿಯ ತಪ್ಪೇನು? ಆದರೂ ಕ್ಲಿಯರಿಂಗ್ ಏಜೆಂಟರ ಹಿಂದೆ ಅಲೆದು, ಅರ್ಜಿ ಬರೆದು, ರಿಯಾಯಿತಿಗೆ ಕೈಮುಗಿಯಬೇಕಾದವನು ಅವನೇ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಇನ್ಶೂರೆನ್ಸ್ ಇದೆ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಜನ ಪಾಲು ಹಾಕಿ ಮಾಲು ತರಿಸುವವರಿಗೆ ಏನಿದೆ?

ಹಡಗುಗಳಿಗಂತೂ 2021ರಿಂದ ಅಂತಾರಾಷ್ಟ್ರೀಯ ನಿಯಮ ಬಂದಿದೆ. ಸೈಬರ್ ಅಪಾಯವನ್ನೂ ಸುರಕ್ಷತೆಯ ಲೆಕ್ಕಕ್ಕೆ ಸೇರಿಸಲೇಬೇಕು. ದಡದಲ್ಲಿರುವವರೂ ಮೈಮರೆಯಬಾರದು. ಡಿಪೋ ನಡೆಸುವ ಕಾನ್ಕಾರ್, ಕಸ್ಟಮ್ಸ್ ಮತ್ತು ಬಂದರಿನವರು ದಾಖಲೆಯ ಒಂದು ಪ್ರತಿಯನ್ನು ಜಾಲಕ್ಕೆ ತಗುಲಿಸದೆ ಬೇರೆ ಕಡೆ ಇಡಲಿ. ವರ್ಷಕ್ಕೊಂದು ದಿನವಾದರೂ ಕಂಪ್ಯೂಟರ್ ಮುಚ್ಚಿ, ರಿಜಿಸ್ಟರು ಪೆನ್ನು ಹಿಡಿದು ಪೆಟ್ಟಿಗೆ ಬಿಡಿಸುವ ತಾಲೀಮು ನಡೆಸಲಿ. ಯಂತ್ರ ಕೆಟ್ಟ ದಿನಗಳಿಗೆ ಡೆಮರೇಜ್ ಇಲ್ಲ, ಅರ್ಜಿಯೂ ಬೇಡ ಎಂದು ಈಗಲೇ ಆದೇಶ ಹೊರಡಿಸಿ, ವೈಟ್‌ಫೀಲ್ಡ್ ಡಿಪೋದ ಗೇಟಿಗೆ ಕನ್ನಡದಲ್ಲಿ ಬೋರ್ಡು ಹಾಕಿಸಲಿ. ವಿಚಾರಿಸುವವರಿಗೆ ಒಂದು ಫೋನ್ ನಂಬರೂ ಅದರಲ್ಲಿರಲಿ, ಎತ್ತುವವರಿರುವ ಫೋನು.