ನಡುಕವನ್ನು ಮುಚ್ಚಿಡುವ ವಿದ್ಯೆ

ಬಂಡೂರೆಂದೊಡನೆ ಕುರಿಯನ್ನು ನೆನೆಯುವ ಓದುಗರು ಕ್ಷಮಿಸಬೇಕು. ಇಂದಿನ ಮಾತು ಜೀಪಿನದು. ನನ್ನ ತಮ್ಮನ ಮಗನ ಹಳೆಯ ಜೀಪಿನ ಮುಂಚಕ್ರಗಳು ವೇಗ ಹೆಚ್ಚಿದೊಡನೆ ಥರಥರನೆ ನಡುಗುತ್ತಿದ್ದವು. ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ ಅಳವಡಿಸಿ ಹಣ ಎಣಿಸಿಕೊಂಡರು. ಮೂರೇ ತಿಂಗಳಲ್ಲಿ, ನಾಲೆಯ ಏರಿಯ ಮೇಲೆ, ಹಿಂದೆ ಮಕ್ಕಳು ಕುಳಿತಿದ್ದಾಗ ನಡುಕ ಮರುಕಳಿಸಿತು.

ಮರುಕಳಿಸದೆ ಏನಾದೀತು? ಡ್ಯಾಂಪರ್ ಅದುರನ್ನು ಹೀರುತ್ತದೆಯೇ ಹೊರತು ಸವೆದುದನ್ನು ತುಂಬುವುದಿಲ್ಲ. ಜ್ವರದಿಂದ ನಡುಗುವ ಹುಡುಗನ ಕೈ ಹಿಡಿದು ಅಕ್ಷರ ತಿದ್ದಿಸಿದರೆ ಜ್ವರ ಇಳಿಯುವುದೇ? ಜಾಕಿನಿಂದ ಚಕ್ರವನ್ನೆತ್ತಿ ಮೇಲೆಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಕಿಂಗ್‌ಪಿನ್‌ಗಳ ಸಡಿಲು, ಎಡಬಲಕ್ಕೆ ಅಲ್ಲಾಡಿಸಿದರೆ ಟೈ ರಾಡ್ ತುದಿಗಳ ಸಡಿಲು ಕೈಗೇ ತಿಳಿಯುತ್ತದೆ. ಇಷ್ಟನ್ನೂ ನೋಡದೆ ಹೊಸ ಸಾಮಾನು ಮಾರುವುದನ್ನು ರಿಪೇರಿಯೆನ್ನಲು ನಾನು ಒಪ್ಪಲಾರೆ.

ಕಡೆಗೆ ಎಡಗಡೆಯ ಕಿಂಗ್‌ಪಿನ್ ಬೇರಿಂಗ್ ಬದಲಾಯಿಸಿದೆವು. ಸವೆದ ಹಳೆಯದು ನನ್ನ ಮೇಜಿನ ಮೇಲಿದೆ.