ಕೇಳದ ಕಣ್ಣು

ಪುದುಕ್ಕೋಟ್ಟೈ ಸೀಮೆಯ ಸಿತ್ತನ್ನವಾಸಲ್ ಗುಹಾಬಸದಿಯ ಚಾವಣಿಯಲ್ಲಿರುವ ತಾವರೆಗೊಳವನ್ನು ಅಜಂತೆಯೊಡನೆ ಹೋಲಿಸಿ, ರೇಖೆ–ವರ್ಣಗಳ ಲೆಕ್ಕ ಒಪ್ಪಿಸಿ ಮುಗಿಸುವುದು ಕಲೇತಿಹಾಸಕಾರರ ರೂಢಿ. ಅದು ಸಮವಸರಣದ ಖಾತಿಕಾಭೂಮಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೋಲಿಸುವವರು ಇದನ್ನು ಉಲ್ಲೇಖಿಸುತ್ತಾರೆ, ಅದರ ಫಲಿತವನ್ನು ಮಾತ್ರ ಕೈಬಿಡುತ್ತಾರೆ. ಹೂ ಕೊಯ್ಯುತ್ತಿರುವ ಆ ಭವ್ಯರು ಹೊರಟಿರುವುದು ದಿವ್ಯಧ್ವನಿಯನ್ನು ಕೇಳಲು. ತಿರ್ಯಂಚರಿಗೂ ಆ ಸಭೆಯಲ್ಲಿ ಒಂದು ಕೋಷ್ಠವುಂಟೆಂದು ನೆನೆದರೆ ಕೊಳದ ಆನೆ, ಎಮ್ಮೆ, ಹಂಸ, ಮೀನುಗಳನ್ನು ಬರಿಯ ಅಲಂಕಾರವೆಂದು ದಾಟಿಹೋಗಲಾಗದು. ಇದು ಶ್ರವಣಕ್ಕೆ ಮುನ್ನಿನ ಕ್ಷಣದ ಚಿತ್ರ. ‘ಶ್ರಾವಕ’ ಎಂದರೇ ಕೇಳುವವನು. ಕಿವಿಯನ್ನು ಹೊರಗಿಟ್ಟು ಒಳಹೊಕ್ಕವನಿಗೆ ಇಲ್ಲಿ ಅರ್ಧ ಚಿತ್ರವೇ ದಕ್ಕುವುದು.

ಕಿವಿಗೆ ಧ್ಯಾನಸಂಗೀತ ತುಂಬಿಕೊಂಡು ಚಿತ್ರ ನೋಡುವ ಈಚಿನ ಶೋಕಿ ಇನ್ನೂ ಕೆಟ್ಟದ್ದು. ಅಲ್ಲಿ ಕಿವಿ ತೂಕಡಿಸುತ್ತದೆ, ಕಣ್ಣೂ ಅದರ ಜೊತೆಗೆ.

ಕೇಳಬೇಕಾದದ್ದು ಆದಿಪುರಾಣದ ಸಮವಸರಣವರ್ಣನೆಯನ್ನು, ಆ ಚಾವಣಿಯ ಕೆಳಗೆ ನಿಂತು, ನಿಧಾನವಾಗಿ ಓದಿಸಿ. ಪಂಪನ ಕೃತಿ ಕ್ರಿ.ಶ. 941ರದು, ಚಿತ್ರಕ್ಕಿಂತ ಈಚಿನದು, ಬೇರೆ ನಾಡಿನದು ಎಂಬ ಆಕ್ಷೇಪ ಬರುತ್ತದೆ. ಬರಲಿ. ಕಾವ್ಯವನ್ನು ಇಲ್ಲಿ ಶಾಸನದಂತೆ ಸಾಕ್ಷ್ಯಕ್ಕೆ ಒಡ್ಡುತ್ತಿಲ್ಲ. ಒಂದು ಕಂದಪದ್ಯ ಮುಗಿಯುವಷ್ಟು ಹೊತ್ತು ಕಣ್ಣು ಒಂದೇ ತಾವರೆಯ ಮೇಲೆ ನಿಂತರೆ, ಹೋಲಿಕೆಯ ಆತುರದಲ್ಲಿ ತಪ್ಪಿಹೋದ ಎಲೆಯ ಮಡಿಕೆ, ಹೂ ಹಿಡಿದ ಕೈಯ ಬಾಗು ಆಗ ಕಾಣತೊಡಗುತ್ತವೆ.